ಮಾವ ಕೊಟ್ಟ ಗಾಡಿ

"ಶುಕ್ರವಾರ ಗುಜರಿಯವನು ಬರ್ತಾನೆ," ಎಂದು ಗಂಡ ತಟ್ಟೆಯಿಂದ ತಲೆ ಎತ್ತದೆ ಹೇಳಿದ. "ಮಾತಾಡಿ ಆಗಿದೆ. ಹಿತ್ತಲಿಂದ ಅವನೇ ಎಳಕೊಂಡು ಹೋಗ್ತಾನಂತೆ."

ಅನ್ನ ಬಡಿಸುತ್ತಿದ್ದ ಟೈಲರಮ್ಮನ ಕೈ ಅಲ್ಲೇ ನಿಂತಿತು. ಅವಳು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಪರದೆ, ದಿಂಬಿನ ಚೀಲ, ಶಾಲೆಯ ಯೂನಿಫಾರ್ಮ್ ಹೊಲಿಯುವವಳು. ಬೀದಿಯವರು ಟೈಲರಮ್ಮ, ಟೈಲರಮ್ಮ ಎಂದು ಕರೆದೂ ಕರೆದೂ ಅಂಚೆಯವನೂ ಆ ಹೆಸರಿಗೇ ಕಾಗದ ತಂದುಕೊಡುತ್ತಿದ್ದ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮೇಜಿನ ಆಚೆ ಬದಿಯಲ್ಲಿ ಅತ್ತೆ, ಪಕ್ಕದಲ್ಲಿ ಕಾಲೇಜಿಗೆ ಹೋಗುವ ಮಗಳು. ಮಾವ ತೀರಿಕೊಂಡು ವರ್ಷವಾಗುತ್ತ ಬಂದಿತ್ತು.

"ಯಾವ ಗಾಡಿ?" ಎಂದಳು, ಗೊತ್ತಿದ್ದೂ.

"ನಮ್ಮನೇಲಿ ಎಷ್ಟು ಗಾಡಿ ಇದೆ? ಅಪ್ಪಂದು."

"ಅಪ್ಪಂದಲ್ಲ. ನಂದು."

ಮಾತು ಬಾಯಿಂದ ಜಾರಿದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು. ಗಂಡ ತಟ್ಟೆಯನ್ನು ಮುಂದಕ್ಕೆ ತಳ್ಳಿದ. ಮಗಳು ಅಪ್ಪನ ಮುಖ ಒಮ್ಮೆ, ಅಮ್ಮನ ಮುಖ ಒಮ್ಮೆ ನೋಡಿ ನೀರಿನ ಲೋಟ ಎತ್ತಿಕೊಂಡಳು.

"ಮೊದಲು ಅನ್ನ ಹಾಕೇ," ಎಂದರು ಅತ್ತೆ. "ಗಾಡಿ ಎಲ್ಲಿಗೂ ಓಡಿ ಹೋಗಲ್ಲ. ಓಡೋ ಹಾಗಿದ್ದಿದ್ರೆ ಈ ಜಗಳವೇ ಇರ್ತಿರಲಿಲ್ಲ."

ಆ ಪಿಕಪ್ಪಿಗೆ ಮನೆಯಲ್ಲಿ ಇಟ್ಟಿದ್ದ ಹೆಸರು ದೊರೆ. ಮನಸ್ಸು ಬಂದಾಗ ಮಾತ್ರ ಏಳುತ್ತಿತ್ತು, ಮನಸ್ಸಿಲ್ಲದ ದಿನ ಜಪ್ಪಯ್ಯ ಎಂದರೂ ಅಲುಗುತ್ತಿರಲಿಲ್ಲ, ಅದಕ್ಕೆ ಆ ಹೆಸರು. ಮುಂದೆ ಮೂರು ಜನ ಒತ್ತಿಕೊಂಡು ಕೂರಬಹುದಾದ ಒಂದೇ ಉದ್ದ ಸೀಟು, ಹಿಂದೆ ಮರದ ಹಲಗೆಯ ತೊಟ್ಟಿ, ಗುಂಡು ದೀಪಗಳು. ಮನೆ ಬದಲಾಯಿಸುವವರ ಮಂಚ, ಬೀರು, ಕುರ್ಚಿಗಳನ್ನು ಹೇರಿಕೊಂಡು ಮಾವ ಅದರಲ್ಲೇ ಸಂಸಾರ ಸಾಕಿದ್ದರು. ಮಗ ಹುಟ್ಟುವ ಮೊದಲೇ ಮನೆಗೆ ಬಂದ ಗಾಡಿ. ಮಾವ ಹಾಸಿಗೆ ಹಿಡಿದ ಮೇಲೆ ಹಿತ್ತಲಿನ ತಗಡಿನ ಕೆಳಗೆ ನಿಂತದ್ದು ನಿಂತೇ ಇತ್ತು.

ಟೈಲರಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಹೊಲಿಗೆಯನ್ನು ಮನೆಯಲ್ಲಿ ಯಾರೂ ಕೆಲಸವೆಂದು ಎಣಿಸಿರಲಿಲ್ಲ. ಒಂದು ಬೆಳಿಗ್ಗೆ ಪರದೆಯ ಗಂಟು ಹೊತ್ತುಕೊಂಡು ಬಸ್ಸಿಗೆ ಕಾಯುತ್ತಿದ್ದಾಗ ದೊರೆ ಬಂದು ಅವಳ ಮುಂದೆ ನಿಂತಿತು. ಮಾವ ಬಾಗಿಲು ತೆರೆದು "ಹತ್ತಮ್ಮ" ಎಂದರು, ಅಷ್ಟೆ. ಅವತ್ತಿನಿಂದ ಗಂಟು ಒಯ್ಯುವುದು, ಬಟ್ಟೆಯ ಥಾನು ತರುವುದು ಎಲ್ಲ ಮಾವನ ಪಾಲಿನ ಕೆಲಸವಾಯಿತು. ಪೆಟ್ರೋಲಿಗೆಂದು ದುಡ್ಡು ಕೊಡಲು ಹೋದರೆ "ದೊರೆ ಆ ಕಡೆಗೇ ಹೋಗ್ತಿದ್ರು, ನೀನು ಜೊತೆಗೆ ಬಂದೆ" ಎನ್ನುತ್ತಿದ್ದರು. ಆ ಕಡೆಗೆ ಅವರಿಗೆ ಏನೂ ಕೆಲಸವಿರುತ್ತಿರಲಿಲ್ಲ ಎಂಬುದು ಅವಳಿಗೆ ಬಹಳ ತಡವಾಗಿ ಗೊತ್ತಾಯಿತು. ರಜೆಯ ದಿನ ಬೆಳಿಗ್ಗೆ ಸಂತೆ ಮೈದಾನ ಖಾಲಿ ಇರುವಾಗ ಅವಳನ್ನು ಕೂರಿಸಿಕೊಂಡು ಹೋಗಿ ಓಡಿಸುವುದನ್ನೂ ಕಲಿಸಿದರು. ಅವಳು ಗೇರು ಕಿರ್ರೆನ್ನಿಸಿದಾಗ "ಕತ್ತರಿ ಹಿಡಿಯೋ ಕೈ ಅಲ್ವಾ ಅದು, ಬಟ್ಟೆ ಹರಿದು ಹಾಕ್ತೀಯಾ? ಮೆತ್ತಗೆ" ಎಂದು ನಗುತ್ತಿದ್ದರು. ಹೆತ್ತ ಅಪ್ಪನೂ ಅವಳೊಡನೆ ಅಷ್ಟು ತಾಳ್ಮೆಯಿಂದ ಮಾತಾಡಿದ್ದಿಲ್ಲ.

ಅದೇ ಮಾವ ಮಗನ ವಿಷಯದಲ್ಲಿ ಬೇರೆಯೇ ಮನುಷ್ಯ. ಮಗ ಮೀಸೆ ಚಿಗುರುವ ವಯಸ್ಸಿನಲ್ಲಿ ಹೇಳದೆ ಕೇಳದೆ ಗಾಡಿ ತೆಗೆದು, ಗೆಳೆಯರ ಮುಂದೆ ಬೀಗಲು ಹೋಗಿ ಎದುರು ಮನೆಯ ಗೇಟಿಗೆ ಗುದ್ದಿದ್ದ. ಯಾರಿಗೂ ಪೆಟ್ಟಾಗಲಿಲ್ಲ, ಒಂದು ದೀಪ ಒಡೆಯಿತು, ಗೇಟು ಸೊಟ್ಟಗಾಯಿತು. ಬೀದಿಯ ಜನರೆಲ್ಲ ನೋಡುತ್ತಿರುವಾಗಲೇ ಮಾವ "ಇನ್ನು ಮೇಲೆ ಇದನ್ನ ಮುಟ್ಟಬೇಡ" ಎಂದರು. ಆ ಮಾತನ್ನು ಅವರು ಮುಂದೆಂದೂ ವಾಪಸ್ ತೆಗೆದುಕೊಳ್ಳಲಿಲ್ಲ. ಮಗ ಮೆಕ್ಯಾನಿಕ್ ಆದ, ಊರಿನ ಅರ್ಧ ಬಸ್ಸುಗಳು ಅವನ ಕೈ ದಾಟಿಯೇ ರಸ್ತೆಗಿಳಿಯುವಂತಾಯಿತು. ಆದರೂ ಮಾವ ದೊರೆಯ ರಿಪೇರಿಗೆ ಬೇರೆ ಗ್ಯಾರೇಜಿಗೇ ಹೋಗುತ್ತಿದ್ದರು. ಕೊನೆಗೆ ಸಾಯುವ ಮುಂಚೆ ಎಲ್ಲರನ್ನೂ ಹಾಸಿಗೆಯ ಹತ್ತಿರ ಕರೆದು "ಗಾಡಿ ಇವಳಿಗೆ" ಎಂದು ಸೊಸೆಯನ್ನು ತೋರಿಸಿದರು. ಮಗ ಅಪ್ಪನ ಕಾಲು ಒತ್ತುತ್ತ ಕೂತಿದ್ದ. ಒತ್ತುವುದನ್ನು ನಿಲ್ಲಿಸಲಿಲ್ಲ, ಆದರೆ ಅವತ್ತಿನಿಂದ ಗಾಡಿಯ ಹೆಸರೆತ್ತಿದರೆ ಅವನ ಮುಖ ಗಂಟಾಗುತ್ತಿತ್ತು.

"ಯಾಕೆ ಬೇಕು ನಿನಗದು, ಹೇಳು?" ಎಂದು ಗಂಡ ಈಗ ಕೇಳಿದ. "ಸುಮ್ಮನೆ ನೆನಪಿಗೆ ಅಂತಾದ್ರೆ ಅಪ್ಪನ ಫೋಟೋ ಇದೆ ಗೋಡೆ ಮೇಲೆ."

"ಹೋಟೆಲಿನವರು ವರ್ಷವಿಡೀ ಪರದೆ, ಹಾಸಿಗೆ ಬಟ್ಟೆ ಕೊಡ್ತೀನಿ ಅಂದಿದ್ದಾರೆ. ನಾನೇ ಬಂದು ತಗೊಂಡು ಹೋಗಬೇಕು, ನಾನೇ ತಂದುಕೊಡಬೇಕು. ಬಸ್ಸಲ್ಲಿ ಕಂಡಕ್ಟರು ಒಂದು ಗಂಟಿಗೇ ಮುಖ ಸಿಂಡರಿಸ್ತಾನೆ. ನನ್ನ ಭುಜ ನೋಡಿದ್ದೀರಾ? ಬಲಗೈ ಎತ್ತಿದರೆ ಪ್ರಾಣ ಹೋಗತ್ತೆ." ಅವಳು ಸ್ವಲ್ಪ ತಡೆದಳು. "ಮತ್ತೆ, ಮಾವ ಕೊಟ್ಟಿದ್ದು. ಹೊರೆ ಹೊರಬಾರದು ಅಂತ ಕೊಟ್ಟಿದ್ದು. ಅದನ್ನ ಗುಜರಿಗೆ ಹಾಕಿ ನಾನು ಹೊರೆ ಹೊರಲಾ?"

ವಾದದಲ್ಲಿ ಸೋಲುವಾಗ ಗಂಡ ಕಾನೂನು ಮಾತಾಡುತ್ತಿದ್ದ. "ಅಷ್ಟು ಹಳೇ ಗಾಡಿ. ವರ್ಷದ ಕೊನೆಯೊಳಗೆ ತಪಾಸಣೆ ಪಾಸಾಗದೇ ಇದ್ರೆ ನೋಂದಣಿ ರದ್ದು. ಆಮೇಲೆ ಗುಜರಿಯವನೂ ತೂಕದ ಲೆಕ್ಕಕ್ಕೆ ತಗೋತಾನೆ."

"ಪಾಸು ಮಾಡಿಸ್ತೀನಿ."

"ಮಾಡಿಸು ನೋಡೋಣ. ಆಗಲಿಲ್ಲ ಅಂದ್ರೆ ಅವನನ್ನ ನಾನೇ ಕರೀತೀನಿ, ನೀನು ಆಗ ತುಟಿ ಬಿಚ್ಚಬಾರದು. ಇನ್ನೊಂದು. ನನ್ನ ಕೈ ಕೇಳಬೇಡ."

"ಸರಿ," ಎಂದಳು.

"ಅನ್ನ," ಎಂದರು ಅತ್ತೆ. ಅವರ ತಟ್ಟೆ ಇನ್ನೂ ಖಾಲಿಯೇ ಇತ್ತು.

ಮರುದಿನ ತಾಯಿ ಮಗಳು ಸೇರಿ ತಗಡಿನ ಕೆಳಗಿಂದ ಹಳೆ ಸಾಮಾನೆಲ್ಲ ಸರಿಸಿ ದೊರೆಯ ಬಾಗಿಲು ತೆರೆದರು. ಒಳಗೆ ಇಲಿಗಳು ಸಂಸಾರ ಹೂಡಿದ್ದವು. ಸೀಟಿನ ಸ್ಪಂಜು, ಅರ್ಧ ವೈರು ಅವುಗಳ ಹೊಟ್ಟೆ ಸೇರಿದ್ದವು. ಕಾಲಿಡುವ ಕಡೆ ತಳ ತುಕ್ಕು ಹಿಡಿದು ನೆಲದ ಹುಲ್ಲು ಕಾಣುತ್ತಿತ್ತು. ಮಗಳು ಮೂಗು ಮುಚ್ಚಿಕೊಂಡು "ಅಮ್ಮ, ಇದರಲ್ಲಿ ಗಾಡಿ ಎಷ್ಟು ಉಳಿದಿದೆ, ತೂತು ಎಷ್ಟಿದೆ?" ಎಂದು ಕೇಳಿದಳು.

"ತೂತಿಗೆ ತೇಪೆ ಹಾಕೋದು ನನಗೆ ಹೊಸದಾ?" ಎಂದಳು ಟೈಲರಮ್ಮ. ಹೇಳುವಾಗ ಇದ್ದ ಧೈರ್ಯ ಬಾನೆಟ್ ಎತ್ತಿದಾಗ ಅರ್ಧ ಇಳಿಯಿತು.

ಕೈಯಲ್ಲಿದ್ದದ್ದು ಹೊಸ ಯಂತ್ರಕ್ಕೆಂದು ಬಿಸ್ಕತ್ ಡಬ್ಬಿಯಲ್ಲಿ ಕೂಡಿಟ್ಟಿದ್ದ ಹಣ ಮಾತ್ರ. ಅದು ಇಂಜಿನ್ನಿಗೂ ಬ್ರೇಕಿಗೂ ಬೇಕು, ಅದರಲ್ಲಿ ಬೇರೆ ಮಾತಿಲ್ಲ. ಉಳಿದದ್ದನ್ನೆಲ್ಲ ಕೈಯ ಕೆಲಸದಿಂದಲೇ ದುಡಿದುಕೊಳ್ಳಬೇಕು. ಬೀದಿಯ ಕೊನೆಯಲ್ಲಿ ಗೇಟು, ಕಿಟಕಿ ಸರಳು ಮಾಡುವ ವೆಲ್ಡರ್ ಒಬ್ಬನಿದ್ದ. ಅವಳು ಹೋಗಿ ವಿಷಯ ಹೇಳಿದಳು. ಅವನು ಎದೆಗೆ ಕಟ್ಟಿಕೊಂಡಿದ್ದ ಏಪ್ರನ್ ಎತ್ತಿ ತೋರಿಸಿದ, ಕಿಡಿ ಹಾರಿ ಹಾರಿ ಜಾಲರಿಯಾಗಿತ್ತು.

"ದಪ್ಪ ಬಟ್ಟೇಲಿ ಇಂಥವು ಐದಾರು ಹೊಲಿದುಕೊಡಿ ಟೈಲರಮ್ಮ, ತಳ ನಾನು ಹಾಕ್ತೀನಿ. ಆದರೆ ನಾನು ಗೇಟಿನವನು, ಗಾಡಿಯವನಲ್ಲ. ಚೆಂದ ಕೇಳಬೇಡಿ, ಗಟ್ಟಿ ಕೇಳಿ."

"ಗಟ್ಟಿ ಸಾಕು. ಚೆಂದ ನಮ್ಮ ಹುಡುಗಿ ನೋಡ್ಕೋತಾಳೆ."

ಹುಡುಗಿ ಚೆಂದ ನೋಡಿಕೊಂಡದ್ದು ಹೀಗೆ: ಕಾಲೇಜಿನ ನಾಟಕದ ರಂಗಕ್ಕೆ ಬಳಿದು ಉಳಿದ ನೀಲಿ ಬಣ್ಣದ ಡಬ್ಬಿಗಳನ್ನು ಮೇಷ್ಟ್ರ ಕೈಕಾಲು ಹಿಡಿದು ತಂದಳು. ಆ ಬಣ್ಣ ತಗಡಿಗೆ ಹಿಡಿಯುವುದಿಲ್ಲ ಎಂದು ಒಂದು ಬಾಗಿಲು ಬಳಿದ ಮೇಲೆ ತಿಳಿಯಿತು. ಒಣಗಿದ ಬಣ್ಣ ಉಗುರು ತಾಗಿದರೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತಿತ್ತು. ಅವಳು ಅತ್ತಳು, ಬೈಸಿಕೊಂಡಳು, ಆಮೇಲೆ ವಾರಗಟ್ಟಲೆ ಕೂತು ಉಜ್ಜು ಕಾಗದದಿಂದ ಇಡೀ ಗಾಡಿಯನ್ನು ಉಜ್ಜಿದಳು. ಸರಿಯಾದ ಬಣ್ಣವನ್ನು ಅಜ್ಜಿ ಕೊಡಿಸಿದರು. ಎಲ್ಲಿಂದ ದುಡ್ಡು ಎಂದು ಕೇಳಿದರೆ "ನಿಮ್ಮ ತಾತ ನನಗೆ ಸೀರೆ ಕೊಡಿಸ್ತೀನಿ ಅಂತ ಎಷ್ಟು ಸಲ ಸುಳ್ಳು ಹೇಳಿದಾರೆ, ಆ ಲೆಕ್ಕದಲ್ಲಿ" ಎಂದರು. ಯಾರಿಗೂ ಏನೂ ಅರ್ಥವಾಗಲಿಲ್ಲ, ಬಣ್ಣವಂತೂ ಬಂತು.

ಅತ್ತೆಗೆ ಗಾಡಿಯ ಒಂದು ಬೋಲ್ಟಿನ ಹೆಸರೂ ಗೊತ್ತಿರಲಿಲ್ಲ. ಆದರೆ ಕುರ್ಚಿ ಹಾಕಿಸಿಕೊಂಡು ಹಿತ್ತಲಲ್ಲಿ ಕೂತು ಎಲ್ಲರಿಗೂ ಕೆಲಸ ಹೇಳುವುದರಲ್ಲಿ ಎತ್ತಿದ ಕೈ. ಪಕ್ಕದ ಗ್ಯಾರೇಜಿನ ಮೇಸ್ತ್ರಿ ಪೆಟ್ರೋಲ್ ಟ್ಯಾಂಕನ್ನು ಬಿಚ್ಚಿ, ಒಳಗೆ ಜಲ್ಲಿ ಹಾಕಿ ಗಡಗಡ ಅಲ್ಲಾಡಿಸಿ ತುಕ್ಕು ತೆಗೆಯುತ್ತಿದ್ದರೆ ಅವರು "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಎಂದು ಹುರಿದುಂಬಿಸುತ್ತಿದ್ದರು. ಅವನಿಗೆ ಮಧ್ಯಾಹ್ನದ ಊಟ ಇವರ ಮನೆಯಲ್ಲೇ. ಮೊಟ್ಟೆ ಬೇಯಿಸಿದ ದಿನ ಅವನ ಕೆಲಸ ಚುರುಕಾಗುತ್ತದೆ ಎಂದು ಕಂಡುಹಿಡಿದವರು ಅತ್ತೆಯೇ. ಅಂದಿನಿಂದ ಮನೆಯವರಿಗೆ ಮೊಟ್ಟೆ ಕಡಿಮೆಯಾಯಿತು.

ಟೈಲರಮ್ಮ ಬೆಳಿಗ್ಗೆ ಹೊಲಿದು, ಮಧ್ಯಾಹ್ನ ತುಕ್ಕು ಉಜ್ಜಿ, ಸಂಜೆ ಮತ್ತೆ ಹೊಲಿಯುತ್ತಿದ್ದಳು. ಉಗುರಿನ ಕರಿ ಹೋಗದೆ ಬಿಳಿ ಬಟ್ಟೆ ಮುಟ್ಟಲು ಕೈಗೆ ಹಳೆ ಕಾಲುಚೀಲ ಹಾಕಿಕೊಳ್ಳಬೇಕಾಯಿತು. ಆದರೂ ದಿನ ಮುಗಿಸಿ ಕಾಲು ಚಾಚಿದಾಗ ಅವಳ ಮನಸ್ಸು ಹಗುರವಾಗಿರುತ್ತಿತ್ತು. ವೆಲ್ಡರ್, ಮೇಸ್ತ್ರಿ, ಬಣ್ಣ ಕೊಟ್ಟ ಅತ್ತೆ, ಉಜ್ಜಿ ಉಜ್ಜಿ ಬೆರಳು ಬೊಬ್ಬೆ ಎಬ್ಬಿಸಿಕೊಂಡ ಮಗಳು, ಯಾರನ್ನು ನೆನೆದರೂ ಕಣ್ಣು ತುಂಬುತ್ತಿತ್ತು. ಇಷ್ಟು ಜನ ತನಗೆಂದು ಕೈಹಾಕಿ ದುಡಿದದ್ದು ಅವಳ ಆಯುಸ್ಸಿನಲ್ಲೇ ಇದು ಮೊದಲು.

ಕೈಹಾಕದವನು ಒಬ್ಬನೇ. ಗಂಡ ಡಿಪೋದಿಂದ ಬಂದು, ಹಿತ್ತಲ ಬಾಗಿಲ ಕಡೆ ಕಣ್ಣು ಹಾಯಿಸದೆ, ತಣ್ಣಗಾದ ಅನ್ನವನ್ನು ತಾನೇ ಬಡಿಸಿಕೊಂಡು ಉಣ್ಣುತ್ತಿದ್ದ. ಅಪ್ಪ ಎಲ್ಲರೂ ಮಲಗಿದ ಮೇಲೆ ಎದ್ದು ಗುಟ್ಟಾಗಿ ಗಾಡಿ ಸರಿಮಾಡಬಹುದು ಎಂದು ಮಗಳಿಗೆ ಒಂದು ಆಸೆ. ಎರಡು ಮೂರು ಸಲ ಎದ್ದು ಹೋಗಿ ಇಣುಕಿದಳು. ಅಪ್ಪ ಗೊರಕೆ ಹೊಡೆಯುತ್ತಿದ್ದ.

ಬ್ರೇಕು ಮಾತ್ರ ಸತಾಯಿಸಿತು. ಮೇಸ್ತ್ರಿ ರಬ್ಬರುಗಳನ್ನೆಲ್ಲ ಬದಲಾಯಿಸಿದರೂ ಪೆಡಲ್ ಒತ್ತಿದರೆ ತಳದವರೆಗೂ ಹೋಗುತ್ತಿತ್ತು. ಹಣದ ಡಬ್ಬಿಯ ತಳ ಕಾಣುತ್ತಿದ್ದ ಹೊತ್ತು. ಒಂದು ಸಂಜೆ ಗಂಡ ಶೂ ಬಿಚ್ಚುತ್ತಿರುವಾಗ ಟೈಲರಮ್ಮ ಕೊಟ್ಟ ಮಾತನ್ನು ಮುರಿದಳು.

"ರೀ, ಒಂದೇ ಒಂದು ಸಲ ಬ್ರೇಕ್ ನೋಡ್ತೀರಾ? ಮೇಸ್ತ್ರಿಗೆ ಗೊತ್ತಾಗ್ತಿಲ್ಲ."

"ಅವನಿಗೆ ಸೈಕಲ್ ಬ್ರೇಕೂ ಬರಲ್ಲ. ಅವನ ಹತ್ರ ಯಾಕೆ ಹೋದೆ?"

"ನಿಮ್ಮ ಹತ್ರ ಬರಬೇಡ ಅಂದ್ರಲ್ಲ, ಅದಕ್ಕೆ."

"ಈಗಲೂ ಅದೇ. ಗಾಡಿ ನಿಂದು, ಬ್ರೇಕು ನಿಂದು."

"ಒಂದು ತಗಡಿನ ಮೇಲೆ ಎಷ್ಟು ದ್ವೇಷ ರೀ ನಿಮಗೆ!"

"ತಗಡಿನ ಮೇಲೆ ಯಾರಿಗೆ ದ್ವೇಷ?" ಅವನ ದನಿ ಏರಿತು. ಒಳಗೆ ತರಕಾರಿ ಹೆಚ್ಚುತ್ತಿದ್ದ ಅತ್ತೆಯ ಚಾಕು ನಿಂತಿತು. "ಈ ಊರಲ್ಲಿ ಐವತ್ತು ಜನ ಕೂರೋ ಬಸ್ಸನ್ನ ನನ್ನ ಕೈಗೆ ಬಿಟ್ಟಿದ್ದಾರೆ. ನಾನು ಸರಿ ಅಂದ ಮೇಲೇ ಅದು ಗೇಟು ದಾಟೋದು. ನಮ್ಮಪ್ಪ ಒಂದು ಪಿಕಪ್ ಕೊಡಲಿಲ್ಲ. ಚಕ್ರಕ್ಕೆ ಗಾಳಿ ಹಾಕೋಕೂ ಕೊಡಲಿಲ್ಲ. ಸಾಯೋವಾಗ ಆದರೂ ಕೊಡ್ತಾರೆ ಅಂದ್ಕೊಂಡೆ. ನಿನ್ನ ಕಡೆ ಕೈ ತೋರಿಸಿದರು. ನನ್ನ ಎದುರಿಗೇ. ನಾನು ಕಾಲು ಒತ್ತುತಾ ಇದ್ದೆ ಕಣೇ!"

ಇಷ್ಟು ದಿನ ಟೈಲರಮ್ಮ ಅವನಿಗೆ ಹೊಟ್ಟೆಕಿಚ್ಚು ಎಂದುಕೊಂಡಿದ್ದಳು. ತನಗೆ ದೇವರಂತೆ ನಡೆದುಕೊಂಡ ಮನುಷ್ಯ ಇವನಿಗೆ ಏನು ಮಾಡಿದ್ದರು ಎಂಬುದು ಗೊತ್ತಿದ್ದ ವಿಷಯವೇ. ಅದು ಇವನ ಮೈಯಲ್ಲಿ ಇನ್ನೂ ಹಸಿಯಾಗಿದೆ ಎಂಬುದು ಮಾತ್ರ ತಿಳಿದಿರಲಿಲ್ಲ. ಅವನು ಶೂಗಳನ್ನು ಮೂಲೆಗೆ ಒತ್ತಿ ಸ್ನಾನಕ್ಕೆ ಹೋದ.

ಅಡುಗೆಮನೆಯಲ್ಲಿ ಅತ್ತೆ ಆಲೂಗಡ್ಡೆ ಹೆಚ್ಚುವುದನ್ನು ಮತ್ತೆ ಶುರುಮಾಡಿದ್ದರು.

"ಅತ್ತೆ, ಗಾಡೀನ ಅವರ ಹೆಸರಿಗೆ ಮಾಡಿಬಿಡ್ತೀನಿ. ಪಾಸಾದ ದಿನವೇ. ಗಂಟು ಸಾಗಿಸೋಕೆ ಯಾರ ಹೆಸರಲ್ಲಿದ್ರೇನು?"

"ಕೇಳಿ ನೋಡು," ಎಂದರು ಅತ್ತೆ. ಮುಂದೆ ಏನೋ ಹೇಳಲು ಬಾಯಿ ತೆರೆದು, ಹೇಳದೆ ಹೆಚ್ಚಿದ ಹೋಳುಗಳನ್ನು ನೀರಿಗೆ ಹಾಕಿದರು.

ಬ್ರೇಕಿನ ಕಾಯಿಲೆಯನ್ನು ಮೇಸ್ತ್ರಿಯೇ ನಾಲ್ಕು ದಿನ ಮೈಯೆಲ್ಲ ಕಣ್ಣಾಗಿ ಹುಡುಕಿ ಹಿಡಿದ. ಕೊಳವೆಯೊಂದರಲ್ಲಿ ಕೂದಲೆಳೆಯಷ್ಟು ಬಿರುಕು ಇತ್ತು. ಹೊಸ ಕೊಳವೆ ಬಂದು ಡಬ್ಬಿ ಖಾಲಿಯಾಯಿತು. ತಳಕ್ಕೆ ವೆಲ್ಡರ್ ಹೊಸ ತಗಡು ಕೂರಿಸಿ, ಮೇಲೆ ಕೆಳಗೆ ಕಂಡ ಕಂಡ ಕಬ್ಬಿಣಕ್ಕೆಲ್ಲ ಕಪ್ಪು ಬಣ್ಣ ಬಳಿದ. ಇಂಜಿನ್ ಒಂದು ಮಧ್ಯಾಹ್ನ ಕೆಮ್ಮಿ, ಹೊಗೆ ಉಗುಳಿ, ಎದ್ದಿತು. ಅತ್ತೆ ಕುರ್ಚಿಯಿಂದ ಎದ್ದು ನಿಂತು "ಬಂದ್ರು ದೊರೆ!" ಎಂದು ಚಪ್ಪಾಳೆ ತಟ್ಟಿದರು. ಮೇಸ್ತ್ರಿಗೆ ಅವತ್ತು ಎರಡು ಮೊಟ್ಟೆ.

ಇನ್ನುಳಿದದ್ದು ಸೀಟು. ಅದು ಟೈಲರಮ್ಮನ ಸ್ವಂತ ಸಾಮ್ರಾಜ್ಯ, ಅಲ್ಲಿ ಯಾರ ಮಾತೂ ನಡೆಯುವಂತಿರಲಿಲ್ಲ. ಹೋಟೆಲಿನ ಪರದೆಯಲ್ಲಿ ಉಳಿದ ದಪ್ಪ ಕಂದು ಬಟ್ಟೆಯನ್ನು ಎರಡು ಪದರ ಮಾಡಿ, ಒಳಗೆ ಹೊಸ ಸ್ಪಂಜು ತುಂಬಿ, ಕೂರುವ ಭಾಗ, ಒರಗುವ ಭಾಗ, ಕೆಳಗೆ ಇಳಿಬಿಡುವ ಅಂಚು ಎಲ್ಲವನ್ನೂ ಒಂದೇ ತುಂಡಾಗಿ ಹೊಲಿದಳು. ಇಲಿ ಇನ್ನೊಮ್ಮೆ ಒಳಗೆ ಕಾಲಿಡಬಾರದೆಂದು ಅಂಚನ್ನು ಸುತ್ತಲೂ ಪಟ್ಟಿ ಇಟ್ಟು ಮೊಳೆ ಹೊಡೆಸಿ ತಳಕ್ಕೇ ಬಿಗಿದಳು. ಜೋಡಿ ಹೊಲಿಗೆ, ಮೇಣ ಸವರಿದ ದಾರ. ಬೆರಳು ತೂರಿಸಲು ಸಂದಿಯಿಲ್ಲ. ಬೀದಿಯ ಹೆಂಗಸರು ಬಂದು ಕೈಯಾಡಿಸಿ "ಸೋಫಾ ಸೋಫಾ ಇದ್ದ ಹಾಗಿದೆ" ಎಂದು ಹೋದರು.

ತಪಾಸಣೆಯ ಹಿಂದಿನ ಸಂಜೆ ಗಂಡನೂ ಹಿತ್ತಲ ಬಾಗಿಲವರೆಗೆ ಬಂದ. ಅಷ್ಟು ವಾರಗಳಲ್ಲಿ ಮೊದಲ ಸಲ. ನೀಲಿ ಬಣ್ಣ ನೋಡಿದ, ದೀಪ ನೋಡಿದ, ತೆರೆದಿದ್ದ ಬಾಗಿಲೊಳಗೆ ಸೀಟು ನೋಡಿದ. ಸೀಟಿನ ಮೇಲೆ ಅವನ ಕಣ್ಣು ಸ್ವಲ್ಪ ಹೊತ್ತು ನಿಂತಿತು.

"ಹೇಗಿದೆ?" ಎಂದಳು ಟೈಲರಮ್ಮ, ತಡೆಯಲಾರದೆ.

"ಹೊಲಿಗೆ ಚೆನ್ನಾಗಿದೆ," ಎಂದು ಒಳಗೆ ಹೋದ.

ತಪಾಸಣೆಗೆ ಸಿಕ್ಕಿದ್ದು ವರ್ಷದ ಕೊನೆಯ ದಿನ. ಮಗಳಿಗೆ ಪರೀಕ್ಷೆ, ಬರುವಂತಿರಲಿಲ್ಲ. ಅತ್ತೆ ಹೊಸ ಸೀಟಿನಲ್ಲಿ ರಾಣಿಯ ಹಾಗೆ ಕೂತರು, ಟೈಲರಮ್ಮ ಓಡಿಸಿಕೊಂಡು ಹೋದಳು. ಅಂಗಳದಲ್ಲಿ ಲಾರಿ, ಟೆಂಪೋಗಳ ಸಾಲು. ಅಧಿಕಾರಿ ಕನ್ನಡಕ ಮೂಗಿನ ತುದಿಗಿಟ್ಟುಕೊಂಡ ಹೆಂಗಸು, ಮಾತು ಕಡಿಮೆ. ದೀಪ ಹಾಕಿಸಿದರು, ಹಾರ್ನ್ ಬಾರಿಸಿದರು, ಬ್ರೇಕ್ ಒತ್ತಿಸಿದರು. ದೊರೆ ಗೆರೆಯ ಮೇಲೆ ಗಕ್ಕನೆ ನಿಂತಿತು. ಟೈಲರಮ್ಮ ಮನಸ್ಸಿನಲ್ಲೇ ಮೇಸ್ತ್ರಿಗೆ ಕೈ ಮುಗಿದಳು.

"ಚಾಸಿ ನಂಬರ್ ಎಲ್ಲಿ?" ಎಂದರು ಅಧಿಕಾರಿ.

"ಅಂದ್ರೆ?"

"ಗಾಡಿಯ ಕಬ್ಬಿಣದ ಮೇಲೆ ಒತ್ತಿರೋ ನಂಬರ್. ಕಾಗದದಲ್ಲಿ ಇರೋದೂ ಅದೂ ಒಂದೇನಾ ಅಂತ ನೋಡಬೇಕು."

ಟೈಲರಮ್ಮ ಬಾನೆಟ್ ಎತ್ತಿದಳು. ಅಲ್ಲಿ ಇಲ್ಲ. ಇಬ್ಬರೂ ಬಗ್ಗಿ ಚಕ್ರದ ಸಂದಿ ನೋಡಿದರು, ಬಾಗಿಲ ಕೀಲು ನೋಡಿದರು. ವೆಲ್ಡರ್ ಬಳಿದ ಕಪ್ಪು ಬಣ್ಣವೇ ಎಲ್ಲೆಲ್ಲೂ.

"ನಾನು ಇನ್ನೊಂದು ಲಾರಿ ನೋಡಿ ಬರ್ತೀನಿ. ಊಟದ ಹೊತ್ತಿಗೆ ಕೌಂಟರ್ ಮುಚ್ಚತ್ತೆ. ಅಷ್ಟರಲ್ಲಿ ನಂಬರ್ ತೋರಿಸಿದ್ರೆ ಪಾಸು. ಇಲ್ಲ ಅಂದ್ರೆ ನಾನು ಏನೂ ಮಾಡೋಕಾಗಲ್ಲಮ್ಮ."

ಟೈಲರಮ್ಮ ಗಾಡಿಯ ಕೆಳಗೆ ತೂರಿದಳು. ಸೆರಗಿಗೆ ಗ್ರೀಸ್ ಹತ್ತಿತು, ಮೊಣಕೈ ತರಚಿತು, ನಂಬರ್ ಮಾತ್ರ ಇಲ್ಲ. "ಅತ್ತೆ, ಮಾವ ಪಾಸಿಂಗಿಗೆ ಬಂದಾಗ ಏನು ಮಾಡ್ತಿದ್ರು? ನೆನಪು ಮಾಡ್ಕೊಳ್ಳಿ."

"ನನಗೇನು ಗೊತ್ತು ತಾಯಿ? ನನ್ನನ್ನ ಇಳಿ ಅಂತಿದ್ರು. ಇಳಿದು ನಾನು ಚಹಾ ಕುಡಿಯೋಕೆ ಹೋಗ್ತಿದ್ದೆ."

ಅಷ್ಟರಲ್ಲಿ ಗೇಟಿನ ಹತ್ತಿರ ಬಸ್ಸೊಂದು ಪೂರ್ತಿ ನಿಲ್ಲುವ ಮೊದಲೇ ಒಬ್ಬ ಹಾರಿ ಇಳಿದು ಓಡಿ ಬಂದ. ಡಿಪೋದ ಖಾಕಿ ಬಟ್ಟೆ, ಕೈಯೆಲ್ಲ ಎಣ್ಣೆ. ಗಂಡ.

"ಸೀಟಿನ ಕೆಳಗಿದೆ," ಎಂದ, ಏದುಸಿರಿನಲ್ಲಿ. "ನಂಬರ್. ಸೀಟಿನ ಕೆಳಗೆ ಅಡ್ಡಪಟ್ಟಿ ಮೇಲೆ. ಚಿಕ್ಕವನಿದ್ದಾಗ ಅಪ್ಪ ಸೀಟು ಎತ್ತಿ ತೋರಿಸೋದನ್ನ ನೋಡಿದ್ದೆ."

ಟೈಲರಮ್ಮ ಅವನನ್ನೇ ನೋಡಿದಳು. "ನಿಮಗೆ ಯಾವಾಗ ನೆನಪಾಯ್ತು?"

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ನಿನ್ನೆ ಸಂಜೆ. ಸೀಟು ನೋಡಿದ ಕೂಡಲೇ ಗೊತ್ತಾಯ್ತು, ಇದನ್ನ ಎತ್ತೋಕಾಗಲ್ಲ, ನೀನು ಸಿಕ್ಕಿಹಾಕ್ಕೋತೀಯ ಅಂತ. ಹೇಳಲಿಲ್ಲ. ಬೆಳಿಗ್ಗೆ ಡಿಪೋದಲ್ಲಿ ಒಂದು ಬೋಲ್ಟ್ ಕೈಗೆ ತಗೊಂಡ್ರೆ ಅದೂ ಸರಿಯಾಗಿ ಕೂರಲಿಲ್ಲ. ಸ್ಪ್ಯಾನರ್ ಬಿಸಾಕಿ ಬಂದೆ."

ಅವಳಿಗೆ ಸಿಟ್ಟು ನೆತ್ತಿಗೇರಿತು. ಅಷ್ಟು ವಾರಗಳ ಬೆವರು, ಮಗಳ ಬೊಬ್ಬೆ ಎದ್ದ ಬೆರಳು, ಎಲ್ಲವೂ ಇವನ ಒಂದು ರಾತ್ರಿಯ ಮೌನಕ್ಕೆ ಮಣ್ಣುಪಾಲಾಗುತ್ತಿತ್ತು. ಆದರೆ ಊಟದ ಹೊತ್ತು ಹತ್ತಿರವಾಗಿತ್ತು, ಜಗಳಕ್ಕೆ ಸಮಯವಿರಲಿಲ್ಲ. "ಅತ್ತೆ, ಇಳೀರಿ," ಎಂದಳು.

ಗಂಡ ಸೀಟಿನ ಅಂಚಿಗೆ ಕೈಹಾಕಿದ. "ಕಿತ್ತು ಬಿಡ್ತೀನಿ."

"ಮುಟ್ಟಬೇಡಿ. ಹೊಲಿಗೆ ನಂದು."

ಕೈಚೀಲದ ಕತ್ತರಿ ತೆಗೆದು ಜೋಡಿ ಹೊಲಿಗೆಯ ಒಂದೊಂದೇ ಎಳೆ ಕತ್ತರಿಸತೊಡಗಿದಳು. ಮೇಣದ ದಾರ ಸುಲಭಕ್ಕೆ ಬಿಡಲಿಲ್ಲ. ಎಷ್ಟು ಚೆನ್ನಾಗಿ ಹೊಲಿದಿದ್ದಳೋ ಅಷ್ಟೇ ಕಷ್ಟ. ಗಂಡ ಪಕ್ಕದಲ್ಲಿ ಮೊಣಕಾಲೂರಿ, ಅವಳು ಬಿಚ್ಚಿದಷ್ಟು ಕಡೆ ಮೊಳೆ ಕಿತ್ತು ತನ್ನ ಜೇಬಿಗೆ ಹಾಕಿಕೊಳ್ಳುತ್ತ ಬಂದ. ಅಧಿಕಾರಿ ವಾಪಸ್ ಬಂದವರು ಏನೂ ಹೇಳದೆ ಕೈಕಟ್ಟಿ ನಿಂತರು. ಸ್ಪಂಜು ಎದ್ದಿತು, ಹಲಗೆ ಎದ್ದಿತು. ಕೆಳಗೆ ಕಪ್ಪು ಬಳಿದ ಅಡ್ಡಪಟ್ಟಿ. ಗಂಡ ಜೇಬಿನಿಂದ ಉಜ್ಜು ಕಾಗದ ತೆಗೆದು, ಅಂದಾಜಿನ ಮೇಲಲ್ಲ, ಸರಿಯಾಗಿ ಒಂದೇ ಜಾಗದಲ್ಲಿ ಉಜ್ಜಿದ. ಕಪ್ಪು ಹೋಗಿ ಅಂಕಿಗಳು ಒಂದೊಂದಾಗಿ ಎದ್ದು ಬಂದವು. ಅವನು ಗಟ್ಟಿಯಾಗಿ ಓದಿದ, ಅಧಿಕಾರಿ ಕಾಗದದ ಮೇಲೆ ಬೆರಳು ಸರಿಸುತ್ತ ಹೋದರು.

"ಸರಿ ಇದೆ. ಪಾಸು. ಹೋಗಿ ಕೌಂಟರಲ್ಲಿ ಮುದ್ರೆ ಹಾಕಿಸಿ." ಹೋಗುವಾಗ ತಿರುಗಿ ನಿಂತರು. "ಸೀಟು ಹೊಲಿದವರು ಯಾರು? ನಮ್ಮ ಮನೆ ಸೋಫಾಕ್ಕೆ ಬೇಕಿತ್ತು."

ಕೌಂಟರಿನ ಮುಂದೆ ನಿಂತಾಗ ಟೈಲರಮ್ಮನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಅದರ ಪಕ್ಕದಲ್ಲೇ ಇನ್ನೊಂದು ಮಾತು ಇತ್ತು. ಇವನು ಬಂದ. ಬರದೇ ಇದ್ದಿದ್ದರೆ ಸಂಜೆ ಗುಜರಿಯವನನ್ನು ಕರೆಯಬಹುದಿತ್ತು, ಮಾತಿನ ಪ್ರಕಾರ ಅವಳು ತುಟಿ ಬಿಚ್ಚುವಂತಿರಲಿಲ್ಲ. ಕೆಲಸ ಬಿಟ್ಟು, ಓಡುವ ಬಸ್ಸಿನಿಂದ ಹಾರಿ ಬಂದ.

"ರೀ, ಬಂದ್ರಲ್ಲ, ಅಷ್ಟು ಸಾಕು ನನಗೆ," ಎಂದಳು. "ಗಾಡೀನ ನಿಮ್ಮ ಹೆಸರಿಗೆ ಮಾಡ್ತೀನಿ. ಇಲ್ಲೇ, ಇವತ್ತೇ ಆಗತ್ತಂತೆ."

ಅವನು ತಲೆಯಾಡಿಸಿದ. "ಬೇಡ. ಅಪ್ಪ ನಿನಗೆ ಕೊಟ್ಟಿದ್ದು ಸರಿಯಾಗೇ ಇದೆ. ನಿನಗೆ ಬೇಕಿತ್ತು, ನೀನು ಉಳಿಸಿದೆ. ಅವರು ನನಗೆ ಕೊಡದೇ ಇದ್ದದ್ದನ್ನ ನೀನು ಕೊಡೋಕಾಗಲ್ಲ ಕಣೇ. ಅದು ನಿನ್ನ ಹತ್ರ ಇಲ್ಲ."

ಹಿಂದಿನಿಂದ ಅತ್ತೆಯ ದನಿ ಬಂತು. ಅವರು ಚಹಾದ ಲೋಟ ಹಿಡಿದು ಎಲ್ಲ ಕೇಳಿಸಿಕೊಂಡಿದ್ದರು.

"ನಿಮ್ಮಪ್ಪ ಮಾಡಿದ್ದು ತಪ್ಪು ಕಣಪ್ಪ."

ಇಬ್ಬರೂ ತಿರುಗಿದರು. ಆ ಮನೆಯಲ್ಲಿ ಯಾರೂ ಯಾವತ್ತೂ ಆ ಮಾತು ಆಡಿದ್ದಿಲ್ಲ.

"ಹುಡುಗ ಒಂದು ಸಲ ಗೇಟಿಗೆ ಗುದ್ದಿದ. ಹುಡುಗರು ಗುದ್ದುತ್ತಾರೆ. ಬೀದಿ ಜನರ ಮುಂದೆ ಅಂದುಬಿಟ್ಟರು, ಆಮೇಲೆ ಅಂದ ಮಾತಿಗೆ ಗಂಟುಬಿದ್ದರು. ನನಗೆ ಅವತ್ತೇ ಗೊತ್ತಿತ್ತು ತಪ್ಪು ಅಂತ. ಒಂದು ದಿನ ಆದರೂ ಹೇಳಬೇಕಿತ್ತು, ಹೇಳಲಿಲ್ಲ. ಒಳ್ಳೆ ಮನುಷ್ಯ, ಇವಳನ್ನ ಕೇಳು, ನನ್ನನ್ನ ಕೇಳು. ನಿನ್ನ ವಿಷಯದಲ್ಲಿ ತಪ್ಪು ಮಾಡಿದರು. ಈಗ ಅವರು ಹೇಳೋಕಾಗಲ್ಲ, ನಾನು ಹೇಳ್ತಿದ್ದೀನಿ. ತಪ್ಪಾಯ್ತು ಮಗನೇ."

ಗಂಡ ಗೋಡೆಯ ಕಡೆ ತಿರುಗಿದ. ಎಣ್ಣೆ ಮೆತ್ತಿದ ಕೈಯಿಂದಲೇ ಮುಖ ಒರೆಸಿಕೊಂಡ, ಕೆನ್ನೆಯ ಮೇಲೆ ಕಪ್ಪು ಪಟ್ಟೆಯಾಯಿತು. ಕೌಂಟರಿನವನು ಮುದ್ರೆ ಒತ್ತಿದ ಕಾಗದವನ್ನು ಹೊರಗೆ ತಳ್ಳಿ, ಯಾರೂ ತೆಗೆದುಕೊಳ್ಳದ್ದು ನೋಡಿ "ಯಜಮಾನರೇ, ಮುಂದಿನವರಿಗೆ ಜಾಗ ಬಿಡಿ" ಎಂದ.

ಅಂಗಳಕ್ಕೆ ಬಂದು ಬಿಚ್ಚಿದ ಸೀಟನ್ನು ಹೇಗೋ ಮಡಚಿ ಕೂರಿಸಿದರು. ಅತ್ತೆ ಮಧ್ಯದಲ್ಲಿ ಹತ್ತಿ ಕೂತು "ಸ್ಪಂಜು ಚುಚ್ಚತ್ತೆ" ಎಂದು ಗೊಣಗಿದರು. ಟೈಲರಮ್ಮ ಸ್ಟೇರಿಂಗ್ ಕಡೆಯ ಬಾಗಿಲು ತೆರೆದು ಒಂದು ಕಾಲು ಒಳಗಿಟ್ಟಿದ್ದಳು. ಗಂಡ ಇನ್ನೂ ಹೊರಗೇ ನಿಂತು ಬಾನೆಟ್ ಮೇಲೆ ಅಂಗೈ ಇಟ್ಟುಕೊಂಡಿದ್ದ.

"ಹತ್ತಿ, ತಡ ಆಯ್ತು," ಎಂದಳು.

ಕಿವಿಯ ಮೇಲೆ ನರೆ ಬಂದ ಗಂಡಸು, ಗೇಟಿಗೆ ಗುದ್ದಿ ಸಿಕ್ಕಿಬಿದ್ದ ಹುಡುಗನ ದನಿಯಲ್ಲಿ ಕೇಳಿದ. "ಒಂದು ಸಲ ನಾನು ಓಡಿಸಲಾ?"

ಅವಳು ಇಳಿದು ದಾರಿ ಬಿಟ್ಟಳು. ಸುತ್ತಿಕೊಂಡು ಹೋಗಿ ಆಚೆ ಕಿಟಕಿಯ ಪಕ್ಕ ಕೂತಳು. ಗಂಡ ಮೊದಲ ಗೇರು ಹಾಕಿದಾಗ ಕಿರ್ರೆಂದು ಸದ್ದಾಯಿತು.

"ಮೆತ್ತಗೆ ಕಣೋ," ಎಂದರು ಅತ್ತೆ.

"ಅಮ್ಮ, ನನಗೆ ಬರತ್ತೆ."

"ಬರತ್ತೆ ಅಂತ ಗೊತ್ತು. ನಿಧಾನ ಹೋಗು, ಬೀದಿಯವರೆಲ್ಲ ನೋಡಲಿ."

ದೊರೆ ಗೇಟು ದಾಟಿ ರಸ್ತೆಗಿಳಿಯಿತು. ಮಡಿಲಲ್ಲಿ ಮುದ್ರೆಯ ಕಾಗದ, ಕತ್ತರಿ. ಕೊಟ್ಟು ಹೋದ ಮಾವನನ್ನು ಟೈಲರಮ್ಮ ಬಾಯಿತುಂಬ ಹೊಗಳಲೂ ಇಲ್ಲ, ಬೈಯಲೂ ಇಲ್ಲ. ತನಗೂ ಗಂಡನಿಗೂ ಸೇರಿದ ಸಂತೋಷವೊಂದು ಬಹಳ ತಡವಾಗಿ, ಮೂವರು ಒತ್ತಿಕೊಂಡು ಕೂತ ಹರಿದ ಸೀಟಿಗೆ ಬಂದು ಸೇರಿದೆ ಎಂದು ಅವಳಿಗೆ ಅನ್ನಿಸಿತು. ಗಂಡ ತಿರುವಿನಲ್ಲಿ ಬ್ರೇಕ್ ಒತ್ತಿ ನೋಡಿ, "ಪರವಾಗಿಲ್ಲ, ಮೇಸ್ತ್ರಿ ಚೆನ್ನಾಗೇ ಮಾಡಿದಾನೆ," ಎಂದ. ಮನೆಗೆ ಹೋಗುವ ದಾರಿ ಎಡಕ್ಕಿತ್ತು. ಅವನು ಬಲಕ್ಕೆ ತಿರುಗಿಸಿದ. ಎಲ್ಲಿಗೆ ಎಂದು ಇಬ್ಬರೂ ಕೇಳಲಿಲ್ಲ.